ಗಾಡಿ ನಿಂತ ಜಾಗದಲ್ಲಿ ಎಣ್ಣೆ ಕಲೆಯೇ? ಪವರ್ ಸ್ಟೀರಿಂಗ್ ಸೋರಿಕೆ ಹುಡುಕುವ ಬಗೆ



ಈಗ ನಮ್ಮ ಸಂಘಗಳ ಎಷ್ಟೋ ಸದಸ್ಯೆಯರ ಮನೆ ಮುಂದೆ ಹಳೆಯದೊಂದು ಕಾರೋ ಬೊಲೆರೊ ಗಾಡಿಯೋ ನಿಂತಿರುತ್ತದೆ. ಮದುವೆ ಮುಂಜಿಗೆ ಹೋಗುವುದಕ್ಕಿಂತ ಹೆಚ್ಚಾಗಿ ಅದು ಹಿಂಡಿ, ಬೂಸಾ ಮೂಟೆ ತರಲು, ತೋಟದಿಂದ ನೇಪಿಯರ್ ಹುಲ್ಲು ಹೊರಲು, ಹಾಲಿನ ಕ್ಯಾನನ್ನು ಡೈರಿಗೆ ಮುಟ್ಟಿಸಲು ಓಡುತ್ತದೆ. ಬೆಳಿಗ್ಗೆ ಗಾಡಿ ಆಚೆ ಹೋದ ಮೇಲೆ ಅಂಗಳ ಗುಡಿಸಿ ನೀರು ಹಾಕುವವರು ನೀವು. ಹಾಗಾಗಿ ನೆಲದ ಮೇಲಿನ ಎಣ್ಣೆ ಕಲೆ ಮೊದಲು ಕಣ್ಣಿಗೆ ಬೀಳುವುದೂ ನಿಮಗೇ.

ಆ ಕಲೆಯನ್ನು ಗುಡಿಸಿ ಮರೆಯಬೇಡಿ. ಅದು ಪವರ್ ಸ್ಟೀರಿಂಗಿನ ಎಣ್ಣೆಯಾಗಿದ್ದರೆ, ಸೋರುವ ಜಾಗ ಯಾವುದು ಎಂಬುದರ ಮೇಲೆ ರಿಪೇರಿಯ ಖರ್ಚು ನಿಂತಿದೆ. ಒಂದು ಜಾಗದಲ್ಲಾದರೆ ಲೀಟರ್ ಹಾಲಿನ ಬೆಲೆಯ ಆಸುಪಾಸಿನ ಒಂದು ಕ್ಲಿಪ್ಪಿನಲ್ಲಿ ಕೆಲಸ ಮುಗಿಯುತ್ತದೆ. ಇನ್ನೊಂದು ಜಾಗದಲ್ಲಾದರೆ ಎರಡು ಬಟವಾಡೆಯ ಹಣ ಸೇರಿಸಿದರೂ ಸಾಲದು. ಗ್ಯಾರೇಜಿಗೆ ಹೋಗುವ ಮೊದಲೇ ಆ ಜಾಗ ನಿಮಗೆ ಗೊತ್ತಿದ್ದರೆ ಯಾರೂ ನಿಮ್ಮನ್ನು ಏಮಾರಿಸಲಾಗದು.

ಎಲ್ಲ ಕಲೆಯೂ ಸ್ಟೀರಿಂಗಿನದಲ್ಲ

ಮೊದಲು ನಿಮ್ಮ ಗಾಡಿಯಲ್ಲಿ ಸ್ಟೀರಿಂಗ್ ಎಣ್ಣೆ ಇದೆಯೇ ನೋಡಿ. ಈಚಿನ ಸಣ್ಣ ಕಾರುಗಳಲ್ಲಿ ಬಹುಪಾಲು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಬರುತ್ತದೆ. ಅದರಲ್ಲಿ ಮೋಟಾರು ಇರುತ್ತದೆ, ಎಣ್ಣೆ ಇರುವುದಿಲ್ಲ. ಸೋರಲು ಏನೂ ಇಲ್ಲ. ಪವರ್ ಸ್ಟೀರಿಂಗ್ ಇರುವ ಬೊಲೆರೊ, ಸುಮೋ, ಕ್ವಾಲಿಸ್‌ನಂಥ ಹಳೆಯ ದೊಡ್ಡ ಗಾಡಿಗಳಲ್ಲಿ ಎಣ್ಣೆಯದೇ ಕೆಲಸ. ಬಾನೆಟ್ ಎತ್ತಿದರೆ ಒಂದು ಪುಟ್ಟ ಎಣ್ಣೆ ಡಬ್ಬಿ ಕಾಣುತ್ತದೆ. ಅದರ ಮುಚ್ಚಳದ ಮೇಲೆ ಸಾಮಾನ್ಯವಾಗಿ ಸ್ಟೀರಿಂಗ್ ಚಕ್ರದ ಚಿತ್ರ ಇರುತ್ತದೆ. ಡಬ್ಬಿಯ ಮೇಲೆ ಮೇಲಿನ ಗೆರೆ, ಕೆಳಗಿನ ಗೆರೆ ಇರುತ್ತವೆ, ಇಲ್ಲವೇ ಮುಚ್ಚಳದಲ್ಲೇ ಒಂದು ಅಳತೆ ಕಡ್ಡಿ ಇರುತ್ತದೆ.

ಇನ್ನು ಕಲೆ. ರಾತ್ರಿ ಗಾಡಿ ನಿಲ್ಲಿಸುವಾಗ ಇಂಜಿನ್ ಕೆಳಗೆ ಅಗಲವಾದ ರಟ್ಟು ಹಾಸಿ. ಮುಂದಿನ ಎರಡು ಚಕ್ರ ಎಲ್ಲಿ ಬರುತ್ತವೆಂದು ರಟ್ಟಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಡಿ. ಬೆಳಿಗ್ಗೆ ಗುರುತಿನಿಂದ ಎಷ್ಟು ದೂರದಲ್ಲಿ, ಯಾವ ಪಕ್ಕದಲ್ಲಿ, ಯಾವ ಬಣ್ಣದ ಹನಿ ಬಿದ್ದಿದೆ ಎಂಬುದು ಅಚ್ಚು ಹಾಕಿದಂತೆ ಉಳಿದಿರುತ್ತದೆ. ಮಣ್ಣಿನ ನೆಲದಲ್ಲಿ ಇದು ಯಾವುದೂ ತಿಳಿಯುವುದಿಲ್ಲ.

ಬಣ್ಣವಿಲ್ಲದ ಬರೀ ನೀರಾದರೆ ಅದು ಎಸಿಯದು, ಚಿಂತೆ ಬೇಡ. ಕಂದು ಅಥವಾ ಕಪ್ಪು, ಕೈಗೆ ಮಸಿಯಂತೆ ಹತ್ತಿದರೆ ಇಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣದ ನೀರಿನಂತಿದ್ದರೆ ರೇಡಿಯೇಟರಿನ ಕೂಲಂಟ್. ಸ್ಟೀರಿಂಗ್ ಎಣ್ಣೆ ತೆಳ್ಳಗಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಹೊಸದಿದ್ದಾಗ ಕುಂಕುಮದ ನೀರಿನಂತೆ ಕೆಂಪಗಿದ್ದು, ಹಳೆಯದಾದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಲವು ಕಂಪನಿಗಳು ಬೇರೆ ಬಣ್ಣದ ಎಣ್ಣೆಯನ್ನೂ ಬಳಸುವುದರಿಂದ ಬಣ್ಣವೊಂದನ್ನೇ ನಂಬಬೇಡಿ. ಡಬ್ಬಿಯಲ್ಲಿರುವ ಎಣ್ಣೆಯನ್ನು ಒಂದು ಹನಿ ಬಿಳಿ ಬಟ್ಟೆಗೆ ಮುಟ್ಟಿಸಿ, ಪಕ್ಕದಲ್ಲೇ ರಟ್ಟಿನ ಹನಿಯನ್ನೂ ಮುಟ್ಟಿಸಿ. ಎರಡೂ ಒಂದೇ ಎನಿಸಿ, ಡಬ್ಬಿಯ ಮಟ್ಟವೂ ಇಳಿದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಬಣ್ಣ ಮಾಸಿದ ಹಳದಿ, ಜಾರುವ ದ್ರವ ಚಕ್ರದ ಒಳಬದಿಯಲ್ಲಿ ಕಂಡರೆ ಮಾತ್ರ ಗಾಡಿ ತೆಗೆಯಲೇಬೇಡಿ. ಅದು ಬ್ರೇಕ್ ಆಯಿಲ್ ಇರಬಹುದು. ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ.

ಎಣ್ಣೆ ಹೋಗುವ ದಾರಿ

ಇಂಜಿನ್ ತಿರುಗಿದಾಗ ಒಂದು ಬೆಲ್ಟು ಸ್ಟೀರಿಂಗ್ ಪಂಪನ್ನು ತಿರುಗಿಸುತ್ತದೆ. ಪಂಪು ಡಬ್ಬಿಯಿಂದ ಎಣ್ಣೆ ಎಳೆದುಕೊಂಡು, ಜೋರಾಗಿ ಒತ್ತಿ, ಒಂದು ಗಟ್ಟಿ ಪೈಪಿನಲ್ಲಿ ಕೆಳಗೆ ಕಳಿಸುತ್ತದೆ. ಕೆಳಗೆ, ಗಾಡಿಗೆ ತಕ್ಕಂತೆ, ರ್ಯಾಕ್ ಅಥವಾ ಸ್ಟೀರಿಂಗ್ ಬಾಕ್ಸ್ ಇರುತ್ತದೆ. ಎಣ್ಣೆಯ ಒತ್ತಡ ಅಲ್ಲಿ ಚಕ್ರ ತಿರುಗಿಸಲು ನಿಮ್ಮ ಕೈಗೆ ಜೊತೆ ಕೊಡುತ್ತದೆ. ಕೆಲಸ ಮುಗಿಸಿದ ಎಣ್ಣೆ ಮೆತ್ತನೆಯ ರಿಟರ್ನ್ ಪೈಪಿನಲ್ಲಿ ವಾಪಸ್ ಡಬ್ಬಿಗೆ ಬರುತ್ತದೆ. ಇಷ್ಟೇ.

ಹೋಗುವ ಪೈಪು, ಬರುವ ಪೈಪು ಎರಡಕ್ಕೂ ಅಜಗಜಾಂತರ. ಕಾರಿನ ಟೈರಿಗೆ 30 ಪೌಂಡಿನ ಆಸುಪಾಸು ಗಾಳಿ ಹಿಡಿಸುತ್ತೇವೆ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ಹಿಡಿದಾಗ ಹೋಗುವ ಪೈಪಿನಲ್ಲಿ 1000 ಪೌಂಡಿಗೂ ಮೀರಿದ ಒತ್ತಡ ಇರುತ್ತದೆ. ಬರುವ ಪೈಪಿನಲ್ಲಿ ಒತ್ತಡ ತೀರಾ ಕಡಿಮೆ. ಈ ವ್ಯತ್ಯಾಸವನ್ನು ಮುಂದೆ ರಿಪೇರಿಯ ಮಾತು ಬಂದಾಗ ನೆನಪಿಡಿ.

ಎಣ್ಣೆ ಕಡಿಮೆಯಾದರೆ ಮೊದಲು ಸದ್ದು ಬರುತ್ತದೆ. ಗಾಡಿ ನಿಧಾನಕ್ಕಿದ್ದಾಗ ಸ್ಟೀರಿಂಗ್ ತಿರುಗಿಸಿದರೆ ಪಂಪು ನರಳುತ್ತದೆ. ಆಮೇಲೆ ಸ್ಟೀರಿಂಗ್ ಬಿಗಿಯಾಗುತ್ತದೆ. ಪೂರ್ತಿ ಎಣ್ಣೆ ಹೋದರೂ ಚಕ್ರ ತಿರುಗುವುದು ನಿಲ್ಲುವುದಿಲ್ಲ, ಆದರೆ ಬಲ ಹಾಕಿ ಎಳೆಯಬೇಕು. ಹಿಂದೆ ಹತ್ತು ಮೂಟೆ ಬೂಸಾ ಇದ್ದು, ಕೆರೆ ಏರಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಹಾಗಾದರೆ ಏನು ಗತಿ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಎಣ್ಣೆಯಿಲ್ಲದೆ ಓಡಿಸಿದರೆ ಪಂಪು ಒಣಗಿ ಸವೆದು ಹಾಳಾಗುವುದು ಬೇರೆ.

ಸೋರುವ ಜಾಗ ಹುಡುಕುವುದು

ನಮ್ಮ ಮನೆಯ ಗಾಡಿಯದೇ ಒಂದು ಮಾತು ಹೇಳಿಬಿಡುತ್ತೇನೆ. ಹೋದ ಮಳೆಗಾಲ ಗಾಡಿ ಕೆಳಗೆ ಎಣ್ಣೆ ತೊಟ್ಟಿಕ್ಕತೊಡಗಿತು. ಒಂದು ಗ್ಯಾರೇಜಿನವರು ಬಗ್ಗಿ ನೋಡಿ, ರ್ಯಾಕ್ ಎಲ್ಲ ಎಣ್ಣೆಯಾಗಿದೆ, ರ್ಯಾಕೇ ಬದಲಾಯಿಸಬೇಕು ಎಂದರು. ಅವರು ಹೇಳಿದ ಮೊತ್ತ ಕೇಳಿ ನಮ್ಮ ಮನೆಯವರು ಸುಮ್ಮನೆ ಗಾಡಿ ತಿರುಗಿಸಿಕೊಂಡು ಬಂದರು. ರ್ಯಾಕ್ ಒದ್ದೆಯಾಗಿದ್ದದ್ದು ನಿಜ. ಅದನ್ನು ಬಗ್ಗಿ ನಾನೂ ನೋಡಿದೆ. ಜಗಲಿ ಮೇಲೆ ಕೂತು ಅವರೇಕಾಯಿ ಬಿಡಿಸುತ್ತಿದ್ದ ನಮ್ಮತ್ತೆ, "ಸೂರು ಸೋರಿದ್ರೆ ನೀರು ತೊಟ್ಟಿಕ್ಕೋ ಜಾಗದಲ್ಲೇ ಹೆಂಚು ಒಡೆದಿರತ್ತೇನಮ್ಮ? ಅದರ ಮೇಲ್ಗಡೆ ಎಲ್ಲೋ ಇರತ್ತೆ, ಅಲ್ಲಿ ನೋಡು" ಎಂದರು. ಕಾರಿನ ಬಗ್ಗೆ ಅವರಿಗೇನೂ ತಿಳಿಯದು. ಹೆಂಚಿನ ಬಗ್ಗೆ ಚೆನ್ನಾಗಿ ತಿಳಿದಿತ್ತು.

ಮೇಲೆ ನೋಡಿದರೆ, ಡಬ್ಬಿಗೆ ವಾಪಸ್ ಬರುವ ರಿಟರ್ನ್ ಪೈಪಿನ ಬಾಯಲ್ಲಿ ಕ್ಲಿಪ್ಪು ತುಕ್ಕು ಹಿಡಿದು ಸಡಿಲವಾಗಿತ್ತು. ಎಣ್ಣೆ ಅಲ್ಲಿಂದ ಇಳಿದು, ಪೈಪಿನುದ್ದಕ್ಕೂ ಜಾರಿ, ರ್ಯಾಕ್ ಮೇಲೆ ಬಿದ್ದು, ಕಡೆಗೆ ನೆಲಕ್ಕೆ ಬೀಳುತ್ತಿತ್ತು. ಕ್ಲಿಪ್ಪು ಬದಲಾಯಿಸಿ, ಪೈಪಿನ ಗಟ್ಟಿಯಾಗಿದ್ದ ತುದಿಯನ್ನು ಒಂದಿಂಚು ಕೊಯ್ದು ಮತ್ತೆ ಸಿಕ್ಕಿಸಿದೆವು. ಸೋರಿಕೆ ನಿಂತಿತು.

ಹಾಗೆಂದು ಎಲ್ಲ ಗ್ಯಾರೇಜಿನವರೂ ಮೋಸಗಾರರೆಂದು ನಾನು ಹೇಳುವುದಿಲ್ಲ. ಕೆಳಗಿನಿಂದ ನೋಡುವವರಿಗೆ ಕೆಳಗಿನದೇ ಕಾಣುತ್ತದೆ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಆದ್ದರಿಂದ ಒದ್ದೆಯಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು, ಎಲ್ಲಕ್ಕಿಂತ ಮುಂದಿರುವುದನ್ನು ಹುಡುಕಬೇಕು.

ಹುಡುಕುವ ಕ್ರಮ ಹೀಗೆ. ಇಂಜಿನ್ ತಣ್ಣಗಿರುವಾಗ ಡಬ್ಬಿ, ಪಂಪು, ಪೈಪುಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಬೆಲ್ಟಿಗೆ ಮಾತ್ರ ಸೀಮೆಎಣ್ಣೆ ತಾಗಿಸಬೇಡಿ. ಕೊಳೆ ಇರುವಾಗ ಹೊಸ ಸೋರಿಕೆ ಯಾವುದು, ಹಳೆಯ ಜಿಡ್ಡು ಯಾವುದು ಎಂದು ತಿಳಿಯುವುದೇ ಇಲ್ಲ. ಹಾಲು ಕರೆಯುವ ಮೊದಲು ಕೆಚ್ಚಲು ತೊಳೆದು ಒರೆಸುವ ಹಾಗೆಯೇ ಇದೂ. ಒಣಗಿದ ಮೇಲೆ ಅನುಮಾನದ ಜಾಗಗಳಿಗೆಲ್ಲ ತೆಳ್ಳಗೆ ಮುಖದ ಪೌಡರ್ ಉದುರಿಸಿ. ಪೌಡರ್ ಇಲ್ಲದಿದ್ದರೆ ವಿಭೂತಿಯೂ ಆದೀತು. ಎಣ್ಣೆ ಎಲ್ಲಿ ಜಿನುಗುತ್ತದೋ ಅಲ್ಲಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಈಗ ಒಬ್ಬರು ಒಳಗೆ ಕೂತು ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಇಂಜಿನ್ ಚಾಲೂ ಮಾಡಲಿ. ಸ್ಟೀರಿಂಗನ್ನು ನಿಧಾನವಾಗಿ ಆ ತುದಿಯಿಂದ ಈ ತುದಿಗೆ ನಾಲ್ಕೈದು ಬಾರಿ ತಿರುಗಿಸಲಿ. ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಅದುಮಿ ಹಿಡಿಯಬಾರದು, ಪಂಪಿಗೆ ಅದು ಹಿಂಸೆ. ನೀವು ದೂರ ನಿಂತು ಟಾರ್ಚ್ ಬಿಟ್ಟು ನೋಡಿ. ಸೆರಗು, ಜಡೆ, ದುಪ್ಪಟ್ಟಾ ಬಿಗಿಯಾಗಿ ಕಟ್ಟಿರಲಿ. ಬೆಲ್ಟು, ಫ್ಯಾನು ಸೆಳೆದುಕೊಂಡರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಇಂಜಿನ್ ಚಾಲೂ ಇರುವಾಗ ಗಟ್ಟಿ ಪೈಪನ್ನು ಕೈಯಿಂದ ಸವರಿ ಸೋರಿಕೆ ಹುಡುಕಲು ಹೋಗಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಹಾರುವ ಎಣ್ಣೆ ಚರ್ಮದೊಳಗೆ ಹೊಕ್ಕಬಲ್ಲದು. ಮೇಲೆ ಇರುವೆ ಕಚ್ಚಿದಷ್ಟೇ ಗಾಯ ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಎಣ್ಣೆ ಒಳಗೆ ಹೋಗಿದೆ ಎಂದೇ ಹೇಳಬೇಕು. ಪೈಪಿನ ಹತ್ತಿರ ಏನಾದರೂ ಹಿಡಿಯಲೇಬೇಕೆಂದರೆ ಉದ್ದದ ರಟ್ಟು ಹಿಡಿಯಿರಿ.

ಎಲ್ಲಿ ಸೋರಿದರೆ ಏನು ಮಾಡಬೇಕು

ಡಬ್ಬಿಯ ಮುಚ್ಚಳದ ಸುತ್ತ ಮಾತ್ರ ಒದ್ದೆಯಿದ್ದರೆ ಯಾರೋ ಎಣ್ಣೆ ಹೆಚ್ಚು ತುಂಬಿದ್ದಾರೆ ಎಂದೇ ತಿಳಿಯಿರಿ. ಬಿಸಿಯಾದಾಗ ಎಣ್ಣೆ ಹಿಗ್ಗಿ ಉಕ್ಕುತ್ತದೆ. ಮೇಲಿನ ಗೆರೆಗಿಂತ ಹೆಚ್ಚಿರುವುದನ್ನು ತೆಗೆದು, ಮುಚ್ಚಳದ ವಾಷರ್ ನೋಡಿ, ಒರೆಸಿಬಿಟ್ಟರೆ ಆಯಿತು.

ರಿಟರ್ನ್ ಪೈಪಿನಲ್ಲಿ ಒತ್ತಡ ಕಡಿಮೆ ಇರುವುದರಿಂದ ಕ್ಲಿಪ್ಪು, ಪೈಪಿನ ತುಂಡು ಬದಲಾಯಿಸಿದರೆ ಸಾಕು. ಆದರೆ ಎಣ್ಣೆ ತಡೆಯುವ ಪೈಪೇ ಬೇಕು. ತೋಟಕ್ಕೆ ನೀರು ಬಿಡುವ ಪೈಪೋ, ಹಾಲು ಕರೆಯುವ ಯಂತ್ರದ ಹಳೆಯ ಟ್ಯೂಬೋ ಬಿಸಿ ಎಣ್ಣೆಗೆ ಮೆತ್ತಗಾಗಿ, ಉಬ್ಬಿ, ನಡುದಾರಿಯಲ್ಲಿ ಕಳಚಿಕೊಳ್ಳುತ್ತದೆ.

ಒತ್ತಡದ ಪೈಪು ಸೋರಿದರೆ ಅದಕ್ಕೆ ಕ್ಲಿಪ್ಪು ಬಿಗಿಯುವುದು, ಎಂಸೀಲ್ ಮೆತ್ತುವುದು, ಟ್ಯೂಬ್ ಸುತ್ತುವುದು ಯಾವುದೂ ನಿಲ್ಲದು. ಹೊಸ ಪೈಪು ಹಾಕಿಸಬೇಕು. ಹಳೆಯ ಗಾಡಿಗೆ ಪೈಪು ಸಿಗದಿದ್ದರೆ, ಟ್ರ್ಯಾಕ್ಟರ್ ಮತ್ತು ಜೆಸಿಬಿಯ ಹೈಡ್ರಾಲಿಕ್ ಪೈಪು ಒತ್ತಿ ಕೊಡುವ ಅಂಗಡಿಗಳಲ್ಲಿ ಹಳೆಯ ಪೈಪನ್ನು ಮಾದರಿಗೆ ಕೊಟ್ಟು ಹೊಸ ರಬ್ಬರ್ ಹಾಕಿ ಒತ್ತಿಸಿಕೊಳ್ಳಬಹುದು. ಸ್ಟೀರಿಂಗಿನ ಒತ್ತಡ ತಡೆಯುವ ಪೈಪೇ ಆಗಬೇಕೆಂದು ಹೇಳಿ. ಕೆಲವೊಮ್ಮೆ ಪೈಪು ಚೆನ್ನಾಗಿಯೇ ಇದ್ದು, ಅದು ಸೇರುವ ಬೋಲ್ಟಿನ ಕೆಳಗಿನ ತಾಮ್ರದ ವಾಷರ್ ಸವೆದಿರುತ್ತದೆ. ಬೋಲ್ಟು ಬಿಚ್ಚಿದಾಗಲೆಲ್ಲ ಹೊಸ ವಾಷರ್ ಹಾಕಿಸಿ. ಹಳೆಯದನ್ನೇ ಹಾಕಿ ಬಿಗಿದರೆ ಮತ್ತೆ ಸೋರುತ್ತದೆ.

ಪಂಪಿನ ಪುಲ್ಲಿಯ ಹಿಂದೆ ಒದ್ದೆಯಿದ್ದು, ಸುತ್ತಲೂ ಚಕ್ರಾಕಾರವಾಗಿ ಎಣ್ಣೆ ಸಿಡಿದಿದ್ದರೆ ಪಂಪಿನ ಶಾಫ್ಟ್ ಸೀಲ್ ಹೋಗಿದೆ. ಪಂಪು ಬಿಚ್ಚಿ ಸೀಲ್ ಬದಲಾಯಿಸಬೇಕು. ಒಳಗೆ ಸವೆದಿದ್ದರೆ ಪಂಪನ್ನೇ ಬದಲಾಯಿಸಬೇಕು. ಎಣ್ಣೆ ನೆನೆದ ಬೆಲ್ಟು ಜಾರುವುದರಿಂದ ಅದನ್ನೂ ನೋಡಿಸಿ.

ಕೊನೆಯದು ರ್ಯಾಕ್. ಅದರ ಎರಡೂ ತುದಿಯಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಬೂಟುಗಳಿವೆ. ಇಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಬೂಟನ್ನು ಮೆಲ್ಲಗೆ ಅದುಮಿ ನೋಡಿ. ಒಳಗೆ ಬರೀ ಗಾಳಿ, ಸ್ವಲ್ಪ ಗ್ರೀಸ್ ಇರಬೇಕು. ಎಣ್ಣೆ ತುಂಬಿ ಗುಳುಗುಳು ಎಂದರೆ ರ್ಯಾಕಿನ ಒಳಸೀಲ್ ಹೋಗಿರುವುದು ಖಚಿತ. ಹೊರಗೆ ಒದ್ದೆಯಿದ್ದು ಬೂಟಿನೊಳಗೆ ಒಣಗಿದ್ದರೆ ರ್ಯಾಕ್ ಬದಲಾಯಿಸಲು ಒಪ್ಪುವ ಮೊದಲು ಇನ್ನೊಮ್ಮೆ ಮೇಲೆ ನೋಡಿ. ಸ್ಟೀರಿಂಗ್ ಬಾಕ್ಸ್ ಇರುವ ಗಾಡಿಯಾದರೆ ಬಾಕ್ಸಿನ ಕೆಳಗೆ ಹೊರಬರುವ ಶಾಫ್ಟಿನ ಸುತ್ತ ಜಿನುಗುತ್ತದೆ. ರ್ಯಾಕಿನ ಕೆಲಸ ಸಣ್ಣದಲ್ಲ. ಸೀಲ್ ಕಿಟ್ ಹಾಕಿ ರಿಪೇರಿ ಆಗುತ್ತದೆಯೇ ಎಂದು ಕೇಳಿ. ರ್ಯಾಕ್ ಬಿಚ್ಚಿ ಕೂರಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರು ಒಂದು ಪಕ್ಕ ತಿನ್ನುತ್ತದೆ.

ಒಂದು ವಿಚಿತ್ರ ಸಂದರ್ಭವೂ ಉಂಟು. ನೆಲಕ್ಕೆ ಹೆಚ್ಚೇನೂ ಹನಿ ಬೀಳುವುದಿಲ್ಲ, ಆದರೆ ಪಂಪು ನರಳುತ್ತದೆ, ಡಬ್ಬಿಯಲ್ಲಿ ಆಗ ತಾನೇ ಕರೆದ ಹಾಲಿನಂತೆ ನೊರೆ ಕಾಣುತ್ತದೆ. ಡಬ್ಬಿಯಿಂದ ಪಂಪಿಗೆ ಎಣ್ಣೆ ಎಳೆಯುವ ಪೈಪು ಗಾಳಿ ಹೀರುತ್ತಿದೆ ಎಂದರ್ಥ. ಹಾಲು ಕರೆಯುವ ಯಂತ್ರ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಟ್ಯೂಬಿನಲ್ಲಿ ಸಣ್ಣ ಬಿರುಕಿದ್ದರೂ ಹಾಲು ಹೊರಗೆ ಚೆಲ್ಲುವುದಿಲ್ಲ, ಗಾಳಿ ಒಳಗೆ ನುಗ್ಗಿ ಕಪ್ಪು ಕಳಚುತ್ತದೆ. ಇಲ್ಲೂ ಅದೇ. ಆ ಪೈಪಿನ ಎರಡೂ ಕ್ಲಿಪ್ಪು ನೋಡಿಸಿ.

ಯಾವ ರಿಪೇರಿಯಾದರೂ ಎಣ್ಣೆ ತುಂಬಿದ ಮೇಲೆ ಗಾಳಿ ತೆಗೆಯಬೇಕು. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಭದ್ರವಾಗಿ ನಿಲ್ಲಿಸಿ, ಇಂಜಿನ್ ಚಾಲೂ ಮಾಡದೆ ಸ್ಟೀರಿಂಗನ್ನು ಆ ತುದಿಗೂ ಈ ತುದಿಗೂ ಹದಿನೈದಿಪ್ಪತ್ತು ಬಾರಿ ನಿಧಾನವಾಗಿ ತಿರುಗಿಸುತ್ತಾರೆ. ಗುಳ್ಳೆ ಬರುತ್ತವೆ, ಮಟ್ಟ ಇಳಿಯುತ್ತದೆ, ಮತ್ತೆ ತುಂಬುತ್ತಾರೆ. ಗುಳ್ಳೆ ನಿಂತ ಮೇಲೆ ಇಂಜಿನ್ ಚಾಲೂ ಮಾಡಿ ಇನ್ನೊಮ್ಮೆ ನೋಡುತ್ತಾರೆ. ಅವಸರದಲ್ಲಿ ಇದನ್ನು ಬಿಡುವವರಿದ್ದಾರೆ, ನಿಂತು ಮಾಡಿಸಿ.

ಎಣ್ಣೆಯ ಅದಲು ಬದಲು

ಯಾವ ಎಣ್ಣೆ ಹಾಕಬೇಕೆಂದು ಡಬ್ಬಿಯ ಮುಚ್ಚಳದ ಮೇಲೆ ಅಥವಾ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನೇ ಹಾಕಿ. ಬ್ರೇಕ್ ಆಯಿಲ್ ಡಬ್ಬಿ ಸಾಮಾನ್ಯವಾಗಿ ಡ್ರೈವರ್ ಕಡೆ ಹಿಂಬದಿಯಲ್ಲಿ ಇರುತ್ತದೆ, ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದಿರುತ್ತದೆ. ಸ್ಟೀರಿಂಗ್ ಎಣ್ಣೆಯನ್ನು ಅಲ್ಲಿ ಒಂದು ಚಮಚ ಹಾಕಿದರೂ ಬ್ರೇಕಿನ ರಬ್ಬರುಗಳು ಉಬ್ಬಿ ಬ್ರೇಕೇ ಕೈಕೊಡಬಹುದು. ಬ್ರೇಕ್ ಆಯಿಲನ್ನು ಸ್ಟೀರಿಂಗಿಗೆ ಹಾಕಿದರೆ ಅಲ್ಲಿನ ಸೀಲುಗಳು ಹಾಳಾಗುತ್ತವೆ. ತಪ್ಪಿ ಹಾಕಿದ್ದರೆ ಗಾಡಿ ಚಾಲೂ ಮಾಡದೆ ಮೆಕ್ಯಾನಿಕ್‌ಗೆ ನಿಜ ಹೇಳಿ. ನಾಚಿಕೆಯ ವಿಷಯವಲ್ಲ, ಎರಡು ಡಬ್ಬಿಯೂ ಒಂದೇ ಥರ ಕಾಣುತ್ತವೆ.

ಸೋರಿಕೆ ನಿಲ್ಲಿಸುವ ಔಷಧಿ ಎಂದು ಅಂಗಡಿಯಲ್ಲಿ ಬಾಟಲಿ ಮಾರುತ್ತಾರೆ. ಒಣಗಿದ ಸೀಲನ್ನು ಅದು ಸ್ವಲ್ಪ ಉಬ್ಬಿಸಿ ಕೆಲವು ದಿನ ತಡೆಯಬಹುದು. ಹರಿದ ಪೈಪಿಗೂ ಸಡಿಲ ಕ್ಲಿಪ್ಪಿಗೂ ಅದರಿಂದ ಏನೂ ಆಗದು. ನನಗಂತೂ ಅದರಲ್ಲಿ ನಂಬಿಕೆಯಿಲ್ಲ. ದಿನಾ ಎಣ್ಣೆ ತುಂಬಿಕೊಂಡೇ ಓಡಿಸುವುದೂ ಬೇಡ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದ ಸ್ಟೀರಿಂಗ್ ಎಣ್ಣೆಗೆ ಬೆಂಕಿ ಹತ್ತಬಹುದು, ಹಿಂದೆ ಒಣ ಹುಲ್ಲು ಹೇರಿದ್ದರಂತೂ ಕೇಳುವುದೇ ಬೇಡ.

ದನಗಳ ಕಡೆಗೂ ಗಮನ ಇರಲಿ

ಸೋರುವ ಗಾಡಿಯನ್ನು ಕೊಟ್ಟಿಗೆಯ ಪಕ್ಕ, ಹುಲ್ಲಿನ ಮೆದೆಯ ಪಕ್ಕ ನಿಲ್ಲಿಸಬೇಡಿ. ದನಗಳು, ಅದರಲ್ಲೂ ಕರುಗಳು, ನೆಲದ ಎಣ್ಣೆಯನ್ನು ನೆಕ್ಕುತ್ತವೆ. ಕೂಲಂಟ್ ಕೂಡ ಸಿಹಿಯಾಗಿರುವುದರಿಂದ ನೆಕ್ಕುತ್ತವೆ, ಅದು ವಿಷ. ದನ ಎಣ್ಣೆ ನೆಕ್ಕಿದ್ದು ಗೊತ್ತಾದರೆ ಗೊಟ್ಟದಲ್ಲಿ ಏನನ್ನೂ ಕುಡಿಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಕುಡಿಸುವಾಗಲೇ ಆ ಅಪಾಯ ಹೆಚ್ಚು. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಮೇವು ಬಿಡುವುದು, ಹೊಟ್ಟೆ ಉಬ್ಬರ, ಕೆಮ್ಮು ಕಾಣುವ ತನಕ ಕಾಯಬೇಡಿ.

ಚೆಲ್ಲಿದ ಎಣ್ಣೆಯ ಮೇಲೆ ಮರಳು, ಬೂದಿ ಅಥವಾ ಮರದ ಹೊಟ್ಟು ಹಾಕಿ ಹೀರಿಸಿ ತೆಗೆಯಿರಿ. ರಾಗಿ ಹುಲ್ಲು ಹಾಕಿ ಒರೆಸಿದರೆ ಆ ಹುಲ್ಲನ್ನು ದನವೇ ತಿಂದೀತು. ತೆಗೆದ ಹಳೆಯ ಎಣ್ಣೆಯನ್ನು ಮೋರಿಗೆ, ತಿಪ್ಪೆಗೆ ಸುರಿಯದೆ ಬಾಟಲಿಯಲ್ಲಿ ತುಂಬಿ ಗ್ಯಾರೇಜಿಗೇ ಕೊಡಿ. ಉಣ್ಣೆಗೆ, ಗಾಯಕ್ಕೆ ಒಳ್ಳೆಯದೆಂದು ಹಳೆ ಆಯಿಲನ್ನು ದನದ ಮೈಗೆ ಹಚ್ಚುವ ಅಭ್ಯಾಸ ಕೆಲವು ಕಡೆ ಇದೆ, ಅದನ್ನು ಬಿಡಿ. ಚರ್ಮ ಸುಡುತ್ತದೆ, ದನ ನೆಕ್ಕಿಕೊಂಡರೆ ಹೊಟ್ಟೆಗೂ ಹೋಗುತ್ತದೆ.

ಹಾಲಿಗೆ ವಾಸನೆ ಬಲು ಬೇಗ ಹತ್ತುತ್ತದೆ. ಎಣ್ಣೆ ಬಟ್ಟೆ, ಎಣ್ಣೆ ಡಬ್ಬ ಇಟ್ಟ ಗಾಡಿಯಲ್ಲಿ ಕ್ಯಾನ್ ಒಯ್ದರೆ ಡೈರಿಯಲ್ಲಿ ಮುಚ್ಚಳ ತೆಗೆದ ಕೂಡಲೇ ತಿಳಿಯುತ್ತದೆ, ಹಾಲು ವಾಪಸ್ ಬರುತ್ತದೆ. ಸೋರಿಕೆ ಹುಡುಕಿದ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆಯದೆ ಕೆಚ್ಚಲು ಮುಟ್ಟಬೇಡಿ.

ಗ್ಯಾರೇಜಿನಿಂದ ಬರುವಾಗ ಬಿಚ್ಚಿದ ಹಳೆಯ ಸಾಮಾನನ್ನು ಕೇಳಿ ತೆಗೆದುಕೊಳ್ಳಿ, ಎಲ್ಲಿ ಹರಿದಿತ್ತೆಂದು ತೋರಿಸಲು ಹೇಳಿ. ಮನೆಗೆ ಬಂದ ಮೇಲೆ ಮೂರು ರಾತ್ರಿ ಅದೇ ಜಾಗದಲ್ಲಿ ಹೊಸ ರಟ್ಟು ಹಾಸಿ. ಒರೆಸದೆ ಬಿಟ್ಟ ಹಳೆಯ ಜಿಡ್ಡಿನಿಂದ ಮೊದಲ ರಾತ್ರಿ ಒಂದೆರಡು ಹನಿ ಬಿದ್ದರೂ ಬೀಳಬಹುದು. ಮೂರನೆಯ ಬೆಳಿಗ್ಗೆಯೂ ಹೊಸ ಹನಿ ಕಂಡರೆ, ಆ ರಟ್ಟನ್ನೇ ಹಿಡಿದುಕೊಂಡು ಅದೇ ಗ್ಯಾರೇಜಿಗೆ ಹೋಗಿ.